ರಾತ್ರಿ ಪಾಳಿ ಮುಗಿದ ಮೇಲೆ ಕಾಲೇಜು

ಅಮೆರಿಕದ ಒಂದು ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಮೂವರು ನರ್ಸ್‌ಗಳು ಡ್ಯೂಟಿಯಲ್ಲಿದ್ದಾರೆ ಎಂದುಕೊಳ್ಳಿ. ಒಬ್ಬರು ಹಿಂದೆ ಆಸ್ಪತ್ರೆಯೇ ನಡೆಸುತ್ತಿದ್ದ ಶಾಲೆಯಲ್ಲಿ ಮೂರು ವರ್ಷ ಕಲಿತು ಡಿಪ್ಲೊಮಾ ಪಡೆದವರು. ಇನ್ನೊಬ್ಬರು ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿದವರು. ಮೂರನೆಯವರು ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ ಬಿ.ಎಸ್ಸಿ. ನರ್ಸಿಂಗ್ ಪಡೆದವರು. ಮೂವರೂ ಪಾಸು ಮಾಡಿರುವುದು ಒಂದೇ ಪರವಾನಗಿ ಪರೀಕ್ಷೆ. ಮೂವರ ಎದೆಯ ಮೇಲಿನ ಬಿಲ್ಲೆಯಲ್ಲೂ 'ಆರ್‌ಎನ್', ಅಂದರೆ ನೋಂದಾಯಿತ ನರ್ಸ್, ಎಂದೇ ಇದೆ. ಹೀಗಿದ್ದರೂ ಮೊದಲ ಇಬ್ಬರಲ್ಲಿ ಅನೇಕರು ಇಂದು ಪಾಳಿ ಮುಗಿಸಿ ಮನೆಗೆ ಹೋದ ಮೇಲೆ ಲ್ಯಾಪ್‌ಟಾಪ್ ತೆರೆದು ಮೂರನೆಯವರ ಪದವಿಗಾಗಿ ಓದುತ್ತಿದ್ದಾರೆ. ಈ ಆನ್‌ಲೈನ್ ಪದವಿ ಇಂಟರ್ನೆಟ್ಟಿನ ಕೂಸಿನಂತೆ ಕಂಡರೂ ಅದರ ಬೇರು ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭಿಸಿದ ಶಾಲೆಯ ಮಾದರಿಯನ್ನು ಅನುಸರಿಸಿ 1873ರಲ್ಲಿ ನ್ಯೂಯಾರ್ಕ್, ನ್ಯೂ ಹೇವನ್ ಮತ್ತು ಬಾಸ್ಟನ್ ನಗರಗಳಲ್ಲಿ ನರ್ಸಿಂಗ್ ಶಾಲೆಗಳು ಹುಟ್ಟಿದವು. ಶಾಲೆಯೊಂದಿದ್ದರೆ ವಾರ್ಡಿಗೆ ಕಡಿಮೆ ಖರ್ಚಿನಲ್ಲಿ ಕೈಗಳು ಸಿಗುತ್ತವೆ ಎಂಬುದನ್ನು ಆಸ್ಪತ್ರೆಗಳು ಬೇಗ ಅರಿತುಕೊಂಡವು. ವಿದ್ಯಾರ್ಥಿನಿಯರು ಹಗಲಿಡೀ ರೋಗಿಗಳ ಆರೈಕೆ ಮಾಡಬೇಕು. ಪಾಠವೇನಿದ್ದರೂ ಸಂಜೆ, ಅದೂ ವೈದ್ಯರಿಗೆ ಬಿಡುವಾದರೆ. 1920ರ ಹೊತ್ತಿಗೆ ಇಂಥ ಶಾಲೆಗಳ ಸಂಖ್ಯೆ ಸಾವಿರವನ್ನು ದಾಟಿತ್ತು. ದುಡಿಮೆ ಮೊದಲು, ಓದು ಉಳಿದ ಸಮಯದಲ್ಲಿ ಎಂಬ ರೂಢಿ ಬೇರೂರಿದ್ದು ಆಗ.

ಇದನ್ನು ಪ್ರಶ್ನಿಸಿದವರೂ ಇದ್ದರು. ಮಿನೆಸೋಟ ವಿಶ್ವವಿದ್ಯಾಲಯ 1909ರಲ್ಲೇ ನರ್ಸಿಂಗ್ ಶಾಲೆ ತೆರೆದಿತ್ತು. ಜೋಸೆಫೀನ್ ಗೋಲ್ಡ್‌ಮಾರ್ಕ್ ಸಿದ್ಧಪಡಿಸಿ 1923ರಲ್ಲಿ ಪ್ರಕಟವಾದ ವರದಿಯು ಆಸ್ಪತ್ರೆಯ ಅಗತ್ಯಗಳಿಗಾಗಿ ಶಿಕ್ಷಣವನ್ನು ಬಲಿಕೊಡಲಾಗುತ್ತಿದೆ ಎಂದು ತೋರಿಸಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲೂ ನರ್ಸಿಂಗ್ ಶಾಲೆ ಬಂತು. ಎಸ್ತರ್ ಲುಸೀಲ್ ಬ್ರೌನ್ 1948ರ ವರದಿಯಲ್ಲಿ, ವೃತ್ತಿಪರ ನರ್ಸಿಂಗ್ ಶಿಕ್ಷಣ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ ಸೇರಬೇಕೆಂದು ವಾದಿಸಿದರು.

ಆದರೆ ಎರಡನೆಯ ಮಹಾಯುದ್ಧದ ನಂತರ ಎಲ್ಲೆಡೆ ನರ್ಸ್‌ಗಳ ಕೊರತೆ. ನಾಲ್ಕು ವರ್ಷ ಕಾಯುವ ತಾಳ್ಮೆ ಆಸ್ಪತ್ರೆಗಳಿಗೆ ಇರಲಿಲ್ಲ. ಆಗ ಮಿಲ್ಡ್ರೆಡ್ ಮಾಂಟಾಗ್ ಎರಡು ವರ್ಷದ ಕೋರ್ಸಿನ ಯೋಜನೆ ಮುಂದಿಟ್ಟರು. 1952ರಲ್ಲಿ ಅದರ ಪ್ರಯೋಗ ಆರಂಭವಾಯಿತು. ಅವರ ಮನಸ್ಸಿನಲ್ಲಿದ್ದದ್ದು ಸೀಮಿತ ಜವಾಬ್ದಾರಿಯ 'ನರ್ಸಿಂಗ್ ತಂತ್ರಜ್ಞೆ'. ಈ ಕೋರ್ಸು ಮುಗಿಸಿದವರು ಉಳಿದವರು ಬರೆಯುವ ಪರವಾನಗಿ ಪರೀಕ್ಷೆಯನ್ನೇ ಬರೆದು ಪಾಸಾದರು, ಅದೇ ಆರ್‌ಎನ್ ಆದರು. ಫೀಸು ಕಡಿಮೆ, ಕಾಲೇಜು ಮನೆಯ ಹತ್ತಿರ, ಎರಡೇ ವರ್ಷಕ್ಕೆ ಸಂಬಳ. ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಮಕ್ಕಳೊಂದಿಗರಾದ ತಾಯಂದಿರಿಗೆ ಈ ದಾರಿ ವರವಾಯಿತು.

1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ತನ್ನ ನಿಲುವನ್ನು ಪ್ರಕಟಿಸಿತು: ವೃತ್ತಿಪರ ನರ್ಸ್ ಎನಿಸಿಕೊಳ್ಳಲು ಕನಿಷ್ಠ ಅರ್ಹತೆ ಪದವಿಯೇ ಆಗಬೇಕು. ಆಗ ಕೆಲಸದಲ್ಲಿದ್ದ ನರ್ಸ್‌ಗಳಲ್ಲಿ ಬಹುಪಾಲು ಡಿಪ್ಲೊಮಾದವರು. ವರ್ಷಗಟ್ಟಲೆ ರೋಗಿಗಳನ್ನು ನೋಡಿಕೊಂಡ ತಮ್ಮನ್ನು ಈಗ ಅರೆಬರೆ ಎನ್ನುತ್ತಿದ್ದಾರೆಯೇ ಎಂದು ಅವರಿಗೆ ಅನ್ನಿಸಿದ್ದು ಸಹಜ. ನಾರ್ತ್ ಡಕೋಟ ರಾಜ್ಯವೊಂದು 1980ರ ದಶಕದಲ್ಲಿ ಪದವಿಯನ್ನು ಕಡ್ಡಾಯ ಮಾಡಿತಾದರೂ 2003ರಲ್ಲಿ ಅದನ್ನು ಕೈಬಿಟ್ಟಿತು.

ಹೊಸಬರನ್ನು ತಡೆಯಲಾಗದಿದ್ದರೆ ಇದ್ದವರನ್ನೇ ಓದಿಸಬೇಕು. ಅಲ್ಲಿ ಬೇರೆಯೇ ತೊಡಕು ಎದುರಾಯಿತು. ಡಿಪ್ಲೊಮಾ ಪಡೆದ ಅನುಭವಿ ನರ್ಸ್ ಕಾಲೇಜಿಗೆ ಹೋದರೆ ಆಕೆಯ ಹಳೆಯ ಕಲಿಕೆಗೆ ಲೆಕ್ಕವೇ ಸಿಗದೆ, ಗೊತ್ತಿದ್ದುದನ್ನೇ ಮತ್ತೆ ಕಲಿಯಬೇಕಾಗುತ್ತಿತ್ತು. ಹಗಲು ತರಗತಿ, ಹಗಲು ಡ್ಯೂಟಿ, ಎರಡೂ ಕೂಡಿಬರುತ್ತಿರಲಿಲ್ಲ. 1970ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ರೀಜೆಂಟ್ಸ್ ಮಂಡಳಿ ತಂದ 'ಬಾಹ್ಯ ಪದವಿ' ವ್ಯವಸ್ಥೆ ಈ ಗಂಟನ್ನು ಸಡಿಲಿಸಿತು. ಎಲ್ಲಿ ಕಲಿತರೆಂದು ಕೇಳದೆ, ಏನು ಬಲ್ಲರೆಂದು ಪರೀಕ್ಷಿಸಿ ಅಂಕ ಕೊಡುವ ಕ್ರಮ ಅದು. ಇಂದಿನ ಎಕ್ಸೆಲ್ಸಿಯರ್ ವಿಶ್ವವಿದ್ಯಾಲಯ ಬೆಳೆದದ್ದು ಅದರಿಂದಲೇ. 1990ರ ದಶಕದಲ್ಲಿ ಇಂಟರ್ನೆಟ್ ಬಂದಾಗ ದಾರಿ ಆಗಲೇ ಸಿದ್ಧವಿತ್ತು.

ನರ್ಸಿಂಗ್‌ನಂಥ ಕೈಕೆಲಸದ ವಿದ್ಯೆ ಪರದೆಯ ಮೇಲೆ ಹೇಗೆ ಬಂದೀತು ಎಂಬ ಸಂದೇಹಕ್ಕೆ ಉತ್ತರವೂ ಈ ಇತಿಹಾಸದಲ್ಲೇ ಇದೆ. ರಕ್ತನಾಳ ಹುಡುಕಿ ಸೂಜಿ ಚುಚ್ಚುವುದನ್ನು ಆನ್‌ಲೈನ್ ಕೋರ್ಸು ಕಲಿಸುವುದಿಲ್ಲ. ಅದನ್ನು ಕಲಿತು ಪರವಾನಗಿ ಪಡೆದವರಿಗೆ ಮಾತ್ರ ಅಲ್ಲಿ ಪ್ರವೇಶ. ಉಳಿದದ್ದು ಸಂಖ್ಯಾಶಾಸ್ತ್ರ, ಸಂಶೋಧನಾ ವರದಿಗಳನ್ನು ಓದಿ ತೂಗುವುದು, ಸಮುದಾಯದ ಆರೋಗ್ಯ, ತಂಡ ನಡೆಸುವ ಕ್ರಮ. ಇವನ್ನು ಮನೆಯಲ್ಲಿ ಕೂತು ಓದಬಹುದು.

ಈ ಓದಿನಿಂದ ರೋಗಿಗೇನು ಲಾಭ? 2003ರಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ಕುರಿತ ಅಧ್ಯಯನ ಪ್ರಕಟಿಸಿದರು. ಪದವೀಧರ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದಲ್ಲಿ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ. 5ರಷ್ಟು ಕಡಿಮೆ ಎಂದು ಅದು ಕಂಡುಕೊಂಡಿತು. ಇದು ಎರಡು ಸಂಗತಿಗಳ ನಡುವಿನ ನಂಟೇ ಹೊರತು, ಪದವಿಯೊಂದೇ ಜೀವ ಉಳಿಸಿತು ಎಂಬುದಕ್ಕೆ ಪುರಾವೆಯಲ್ಲ. ಆದರೂ ಚರ್ಚೆ ಪ್ರತಿಷ್ಠೆಯಿಂದ ರೋಗಿಯ ಜೀವದ ಕಡೆಗೆ ಹೊರಳಿತು. 2010ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, 2020ರೊಳಗೆ ಶೇ. 80ರಷ್ಟು ನರ್ಸ್‌ಗಳು ಪದವೀಧರರಾಗಬೇಕೆಂದಿತು. ಆ ಗುರಿ ಈಡೇರಲಿಲ್ಲ. 2017ರಲ್ಲಿ ನ್ಯೂಯಾರ್ಕ್ ಕಾನೂನು ಮಾಡಿತು: ಇನ್ನು ಮುಂದೆ ಬರುವ ನರ್ಸ್‌ಗಳು ಪರವಾನಗಿ ಪಡೆದ 10 ವರ್ಷಗಳೊಳಗೆ ಪದವಿ ಮುಗಿಸಬೇಕು. ಈಗಾಗಲೇ ಕೆಲಸದಲ್ಲಿದ್ದವರಿಗೆ ವಿನಾಯಿತಿ.

ಭಾರತವೂ ಇದೇ ಕವಲಿನಲ್ಲಿ ನಿಂತಿತ್ತು. 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಬಿ.ಎಸ್ಸಿ. ನರ್ಸಿಂಗ್ ಆರಂಭವಾದರೂ ವಾರ್ಡುಗಳನ್ನು ದಶಕಗಳ ಕಾಲ ಹೊತ್ತವರು ಜಿಎನ್‌ಎಂ ಡಿಪ್ಲೊಮಾದವರು. ಅವರಿಗಾಗಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯನ್ನು ದೂರಶಿಕ್ಷಣದಲ್ಲಿ ತಂದಿತು. ಸೇವೆಯಲ್ಲಿರುವ ನೋಂದಾಯಿತ ನರ್ಸ್‌ಗಳಿಗೆ ಮನೆಗೆ ಪುಸ್ತಕ, ಪ್ರಾಯೋಗಿಕ ಕಲಿಕೆಗೆ ಅಧ್ಯಯನ ಕೇಂದ್ರ. ಪೂರ್ತಿ ಆನ್‌ಲೈನ್ ನರ್ಸಿಂಗ್ ಪದವಿಗೆ ಮಾತ್ರ ಇಲ್ಲಿನ ನಿಯಮಗಳು ಬಾಗಿಲು ತೆರೆದಿಲ್ಲ.

ಎರಡೂ ದೇಶಗಳು ಒಂದು ವಿಷಯದಲ್ಲಿ ಸರಿಯಾಗಿಯೇ ನಡೆದಿವೆ: ಕೈಯ ವಿದ್ಯೆ ಮೊದಲು ವಾರ್ಡಿನಲ್ಲಿ, ಪುಸ್ತಕದ ವಿದ್ಯೆ ಆಮೇಲೆ ಎಲ್ಲಿಂದಾದರೂ. ಬಗೆಹರಿಯದೆ ಉಳಿದಿರುವುದು ಸಮಯದ ಲೆಕ್ಕ. 1873ರ ವಿದ್ಯಾರ್ಥಿನಿ ಹಗಲೆಲ್ಲ ದುಡಿದು ಸಂಜೆ ಪಾಠ ಕೇಳುತ್ತಿದ್ದಳು. ಇಂದಿನ ನರ್ಸ್ ಹನ್ನೆರಡು ಗಂಟೆಯ ಪಾಳಿ ಮುಗಿಸಿ, ಮಗುವನ್ನು ಮಲಗಿಸಿ ಅಸೈನ್‌ಮೆಂಟ್ ಬರೆಯುತ್ತಾಳೆ. ಕೆಲವು ಆಸ್ಪತ್ರೆಗಳು ಫೀಸಿನ ಒಂದು ಪಾಲನ್ನು ಮರಳಿಸುತ್ತವೆ. ಓದಲು ಡ್ಯೂಟಿಯಲ್ಲಿ ಬಿಡುವು ಕೊಡುವವು ಅಪರೂಪ. ನ್ಯೂಯಾರ್ಕಿನ ಕಾನೂನು ಆಕೆಗೆ ಹತ್ತು ವರ್ಷ ಕೊಟ್ಟಿದೆ. ಆ ಹತ್ತು ವರ್ಷಗಳಲ್ಲಿ ಓದಿನ ಗಂಟೆಗಳನ್ನು ಆಸ್ಪತ್ರೆಯ ಪಾಳಿಯಿಂದ ಕಳೆಯಬೇಕೋ ಆಕೆಯ ನಿದ್ದೆಯಿಂದಲೋ ಎಂಬುದನ್ನು ಆಕೆಗೇ ಬಿಟ್ಟಿದೆ.