ಕಾರಿನ ಪವರ್ ವಿಂಡೋ ಕೈಕೊಟ್ಟಿದೆಯಾ? ಮೋಟಾರ್ ಬದಲಿಸೋ ಮುಂಚೆ ಇಷ್ಟು ನೋಡಿ

ಮಳೆಗಾಲದಲ್ಲಿ ಕಾರಿನ ಗ್ಲಾಸ್ ಅರ್ಧಕ್ಕೆ ನಿಂತರೆ ಸೀಟೆಲ್ಲಾ ನೀರು. ಗ್ಯಾರೇಜಲ್ಲಿ ‘ಮೋಟಾರ್ ಹೋಗಿದೆ’ ಅಂದ ಕೂಡಲೇ ದುಡ್ಡು ಬಿಚ್ಚಬೇಡಿ. ಇಗ್ನಿಷನ್ ಆನ್ ಮಾಡಿ, ಸ್ವಿಚ್ ಒತ್ತಿ, ಬಾಗಿಲಿನ ಸದ್ದು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಸದ್ದೇ ಇಲ್ಲವಾ?
* ಎಲ್ಲಾ ಗ್ಲಾಸ್ ನಿಂತಿದ್ದರೆ ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ. ತಂತಿ ಸುತ್ತಿದರೆ ಬೆಂಕಿ ಹತ್ತೋ ಅಪಾಯ ಇದೆ.
* ಡ್ರೈವರ್ ಬಳಿಯ ಸ್ವಿಚ್‌ನಿಂದ ಮಾತ್ರ ಓಡಿದರೆ ವಿಂಡೋ ಲಾಕ್ ಬಟನ್ ಒತ್ತಿದೆಯಾ ನೋಡಿ. ಇಲ್ಲದಿದ್ದರೆ ಆ ಬಾಗಿಲಿನ ಸ್ವಿಚ್ ಮೇಲೆ ಅನುಮಾನ.
* ಬಾಗಿಲು ತೆರೆದು ಮುಚ್ಚುವಾಗ ಒಮ್ಮೆ ಓಡಿ ಒಮ್ಮೆ ನಿಂತರೆ, ಹಿಂಜಿನ ಹತ್ತಿರ ರಬ್ಬರ್ ಪೈಪಿನೊಳಗೆ ವೈರ್ ತುಂಡಾಗಿರಬಹುದು.

ಮೋಟಾರ್ ತಿರುಗುತ್ತೆ, ಗ್ಲಾಸ್ ಏಳಲ್ಲ ಅಂದರೆ ಹೆಚ್ಚಾಗಿ ರೆಗ್ಯುಲೇಟರ್ ಕೇಬಲ್ ಕಿತ್ತಿರುತ್ತೆ, ಇಲ್ಲವೇ ಗ್ಲಾಸ್ ಹಿಡಿಯೋ ಕ್ಲಿಪ್ ಮುರಿದಿರುತ್ತೆ.

ನಿಧಾನವಾಗಿ ಏರಿದರೆ ರಬ್ಬರ್ ಚಾನೆಲ್‌ನ ದೂಳು ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಗ್ರೀಸ್, ಎಂಜಿನ್ ಆಯಿಲ್ ಬೇಡ. ದೂಳು ಇನ್ನಷ್ಟು ಅಂಟುತ್ತೆ, ರಬ್ಬರೂ ಹಾಳು.

ಮೋಟಾರ್ ನಿಜವಾಗಿ ಕೆಟ್ಟಿದೆಯಾ? ಪ್ಯಾನೆಲ್ ಬಿಚ್ಚಿ ಮೋಟಾರಿನ ಕನೆಕ್ಟರ್‌ನ ಎರಡು ಪಿನ್‌ಗೆ 12 ವೋಲ್ಟ್ ಟೆಸ್ಟ್ ಲ್ಯಾಂಪ್ ಹಿಡಿಸಿ, ಸ್ವಿಚ್ ಒತ್ತಿ. ಲ್ಯಾಂಪ್ ಉರಿದೂ ಮೋಟಾರ್ ತಿರುಗದಿದ್ದರೆ ಮಾತ್ರ ಬದಲಿಸಿ. ಈ ಪರೀಕ್ಷೆಯನ್ನ ನಿಮ್ಮೆದುರೇ ಮಾಡಿಸಿ. ಹಳೇ ಕಾರುಗಳಿಗೆ ಇದು ಸಾಕು, ಕಂಪ್ಯೂಟರ್ ಮಾಡ್ಯೂಲ್ ಇರೋ ಕಾರಿಗೆ ಸ್ಕ್ಯಾನರ್ ಬೇಕಾಗಬಹುದು.

ಮೋಟಾರ್ ಬಿಚ್ಚೋ ಮುಂಚೆ ಗ್ಲಾಸನ್ನ ಟೇಪ್ ಹಾಕಿ ನಿಲ್ಲಿಸಿ, ಕೆಳಗೆ ಜಾರಿ ಬೆರಳು ಕತ್ತರಿಸೀತು. ಮಕ್ಕಳು ಕಾರಲ್ಲಿದ್ದರೆ ವಿಂಡೋ ಲಾಕ್ ಆನ್ ಇರಲಿ. ಕೈ ಸಿಕ್ಕರೆ ತಾನಾಗೇ ನಿಲ್ಲೋ ವ್ಯವಸ್ಥೆ ಎಲ್ಲಾ ಗ್ಲಾಸಿಗೂ ಇರಲ್ಲ.