ನಗೆಯ ದಾರಿಯಲ್ಲಿ ಬಂದ ಸ್ಯಾಕ್ಸೊಫೋನ್

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ರಂಗಮಂದಿರಗಳಲ್ಲಿ ಹೆಸರು ಮಾಡಿದ ‘ಸಿಕ್ಸ್ ಬ್ರೌನ್ ಬ್ರದರ್ಸ್’ ಮೇಳದ ಚರಿತ್ರೆಯು ಸ್ಯಾಕ್ಸೊಫೋನ್ ವಾದ್ಯದ ಚರಿತ್ರೆಯೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ. ಏಕೆಂದರೆ ಆ ವಾದ್ಯವನ್ನು ಅಲ್ಲಿನ ಜನಸಾಮಾನ್ಯರಿಗೆ ಪರಿಚಯಿಸಿದ್ದರಲ್ಲಿ ಗಂಭೀರ ಕಛೇರಿಗಳಿಗಿಂತ ವಿದೂಷಕರ ಪಾಲೇ ದೊಡ್ಡದು. ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದ ಮೈ ಹಿತ್ತಾಳೆಯದಾದರೂ, ಕ್ಲ್ಯಾರಿನೆಟ್ಟಿನಂತೆ ಒಂಟಿ ರೀಡಿನ, ಅಂದರೆ ಜೊಂಡಿನ ತೆಳುಸೀಳಿನ, ಕಂಪನದಿಂದ ನಾದ ಹೊರಡುವ ಕಾರಣ ಅದನ್ನು ಮರದ ವಾದ್ಯಗಳ ಗುಂಪಿಗೇ ಸೇರಿಸುತ್ತಾರೆ. ಸೈನಿಕ ಬ್ಯಾಂಡುಗಳಲ್ಲಿ ಅದಕ್ಕೆ ಬೇಗ ನೆಲೆ ಸಿಕ್ಕಿತು. ಸಿಂಫನಿ ವಾದ್ಯವೃಂದಗಳು ಮಾತ್ರ ಅದನ್ನು ಬಹುಕಾಲ ಹೊರಗೇ ನಿಲ್ಲಿಸಿದವು.

ಕೆನಡಾ ಮೂಲದ ಟಾಮ್ ಬ್ರೌನ್ ಮತ್ತು ಅವನ ಸೋದರರು ಸರ್ಕಸ್ಸಿನಲ್ಲಿ ಪಳಗಿ, ವಾಡೆವಿಲ್ ಎಂದು ಕರೆಯಲಾಗುತ್ತಿದ್ದ, ಹಾಡು, ಕುಣಿತ, ಕಸರತ್ತು, ಹಾಸ್ಯಗಳನ್ನು ಒಂದೇ ಸಂಜೆಯಲ್ಲಿ ಪೋಣಿಸುವ ರಂಗಪ್ರದರ್ಶನಕ್ಕೆ ಬಂದವರು. ಆಲ್ಟೊದಿಂದ ಹಿಡಿದು ಭಾರಿ ಗಾತ್ರದ ಬಾಸ್‌ವರೆಗಿನ ಸ್ಯಾಕ್ಸೊಫೋನುಗಳನ್ನು ಹೊತ್ತು ಆರು ಮಂದಿ ವೇದಿಕೆಗೆ ಬರುತ್ತಿದ್ದರು. ಐವರದು ವಿದೂಷಕ ವೇಷವಾದರೆ, ಟಾಮ್‌ನದು ಮಸಿ ಬಳಿದ ಮುಖ. ಬಿಳಿಯರು ಹೀಗೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಅಣಕಿಸುತ್ತಿದ್ದ ‘ಮಿನ್‌ಸ್ಟ್ರೆಲ್’ ಆಟದ ಬಳುವಳಿಯದು. ಅಂದಿನ ಪ್ರೇಕ್ಷಕರಿಗೆ ಅದು ಸಹಜವೆನಿಸಿತ್ತು ಎಂಬುದು ಆ ಅಣಕದ ಕ್ರೌರ್ಯವನ್ನು ಕಡಿಮೆ ಮಾಡುವುದಿಲ್ಲ, ಮೇಳದ ಜಾಣ್ಮೆಯನ್ನು ಮೆಚ್ಚುವವರು ಇದನ್ನು ಮರೆಮಾಚಲೂಬಾರದು.

1914ರಲ್ಲಿ ನ್ಯೂಯಾರ್ಕಿನ ಗ್ಲೋಬ್ ಥಿಯೇಟರಿನಲ್ಲಿ ತೆರೆಕಂಡ ‘ಚಿನ್ ಚಿನ್’ ಎಂಬ ಸಂಗೀತ ನಾಟಕವು ಅವರಿಗೆ ಬ್ರಾಡ್‌ವೇಯ ಬಾಗಿಲು ತೆರೆಯಿತು. ಅದೇ ವರ್ಷ ವಿಕ್ಟರ್ ಕಂಪನಿಗಾಗಿ ಅವರು ನುಡಿಸಿದ ‘ದಟ್ ಮೋನಿಂಗ್ ಸ್ಯಾಕ್ಸೊಫೋನ್ ರ‍್ಯಾಗ್’ ಧ್ವನಿಮುದ್ರಣವೇ ಮೇಳದ ನಿಜವಾದ ಪರೀಕ್ಷೆಯಾಗಿತ್ತೆನ್ನಬೇಕು, ಏಕೆಂದರೆ ವೇಷವೂ ಮುಖಭಾವವೂ ಕಾಣದ ಗ್ರಾಮಫೋನ್ ತಟ್ಟೆಯಲ್ಲಿ ನಗೆಯನ್ನು ನಾದದಿಂದಲೇ ಹುಟ್ಟಿಸಬೇಕಾಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುತ್ತ ನರಳುವುದು, ನಾಲಗೆಯಿಂದ ರೀಡನ್ನು ಸೆಳೆದು ಬಿಟ್ಟು ‘ಟಪ್’ ಎನ್ನಿಸುವುದು, ಬಾಸ್ ವಾದ್ಯವನ್ನು ಕಪ್ಪೆಯಂತೆ ವಟಗುಟ್ಟಿಸುವುದು ಇಂಥ ವಾದನದ ಸಾಮಗ್ರಿ. ಇವೆಲ್ಲ ಹಾಸ್ಯಕ್ಕೆ ಒದಗುವುದು ತಾಳವೂ ಶ್ರುತಿಯೂ ಗಟ್ಟಿಯಾಗಿದ್ದಾಗ ಮಾತ್ರ, ಏಕೆಂದರೆ ಬೇಕೆಂದೇ ತಪ್ಪಿದ್ದಕ್ಕೂ ಬಾರದೆ ತಪ್ಪಿದ್ದಕ್ಕೂ ಇರುವ ಅಂತರ ಕೇಳುಗರಿಗೆ ಕೂಡಲೇ ಹೊಳೆಯುತ್ತದೆ. 1917ರಲ್ಲಿ ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್’ ಮುದ್ರಿಸಿದ ‘ಲಿವರಿ ಸ್ಟೇಬಲ್ ಬ್ಲೂಸ್’ನಲ್ಲೂ ಕಾರ್ನೆಟ್ ಕುದುರೆಯಂತೆ ಕೆನೆದರೆ ಕ್ಲ್ಯಾರಿನೆಟ್ ಹುಂಜದಂತೆ ಕೂಗುತ್ತದೆ, ಜಾಝ್‌ನ ಮೊದಲ ತಟ್ಟೆಗಳಲ್ಲೊಂದು ಹೀಗೆ ವಿನೋದದ ಸರಕಾಗಿಯೇ ಮಾರಾಟವಾಯಿತು.

1920ರ ದಶಕದಲ್ಲಿ ಅಮೆರಿಕದಲ್ಲಿ ಸ್ಯಾಕ್ಸೊಫೋನಿನ ಹುಚ್ಚು ಹಬ್ಬಿ, ಇಂಡಿಯಾನದ ಎಲ್ಕ್‌ಹಾರ್ಟ್ ಊರಿನ ಕಾನ್, ಬ್ಯೂಷರ್ ಕಾರ್ಖಾನೆಗಳು ಅದನ್ನು ಹವ್ಯಾಸಿಗಳಿಗೆ ಸುಲಭವಾಗಿ ಒಲಿಯುವ ವಾದ್ಯವೆಂದು ಸಾರಿ ಮಾರಿದವು. ಆ ಹುಚ್ಚಿಗೆ ಕುಣಿತದ ಬ್ಯಾಂಡುಗಳೂ ಕಾರಣವಾಗಿದ್ದರೂ, ನೆಲ ಹದಮಾಡಿದವರಲ್ಲಿ ಬ್ರೌನ್ ಸೋದರರು ಮುಖ್ಯರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು ಕದ್ರಿ ಗೋಪಾಲನಾಥರು ಮುಂದೆ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದಾಗ, ಕನ್ನಡಿಗರ ಮಟ್ಟಿಗೆ ಆ ವಾದ್ಯಕ್ಕೆ ನಗೆಯ ನಂಟೇ ಇರಲಿಲ್ಲ. ಅಮೆರಿಕದ ಕಲಾವಿದರು ಮಾತ್ರ ಆ ನಂಟನ್ನು ಕಳಚಿಕೊಳ್ಳಲು ಬಹಳ ಹೆಣಗಬೇಕಾಯಿತು.

ಮಾತಿನ ಚಲನಚಿತ್ರವೂ ರೇಡಿಯೊವೂ ಪ್ರಬಲಿಸಿದಂತೆ ವಾಡೆವಿಲ್ ರಂಗಗಳು ಮುಚ್ಚತೊಡಗಿ, ಅವುಗಳನ್ನೇ ನಂಬಿದ್ದ ಮೇಳವು 1933ರಲ್ಲಿ ಚದುರಿತು. ಹಿತ್ತಾಳೆ ವಾದ್ಯಗಳ ನಡುವೆ ಹಾರ್ನು, ಗಂಟೆ, ಪಿಸ್ತೂಲಿನ ಸದ್ದು ಸೇರಿಸಿ 1940ರ ದಶಕದಲ್ಲಿ ಗೆದ್ದ ಸ್ಪೈಕ್ ಜೋನ್ಸ್‌ನ ಹೆಸರು ಇಂದಿಗೂ ಹಲವರಿಗೆ ನೆನಪಿದೆ, ಬ್ರೌನ್ ಸೋದರರದು ಸಂಗ್ರಾಹಕರಿಗಷ್ಟೇ. ಜಾಝ್‌ನ ಚರಿತ್ರಕಾರರು ಅವರನ್ನು ಬರಿಯ ವಿದೂಷಕರೆಂದು ಬದಿಗಿಟ್ಟದ್ದು ಆ ಆರು ಮಂದಿಯ ವಾದನ ಕೌಶಲಕ್ಕೆ ಮಾಡಿದ ಅನ್ಯಾಯವೇ ಸರಿ.