ಹಿಡಿ

ಕನ್ನಡದಲ್ಲಿ ಫೋಟೊ ತೆಗೆಯುತ್ತೇವೆ, ಹೊಡೆಯುತ್ತೇವೆ, ಹಿಡಿಯುತ್ತೇವೆ. ನನ್ನ ಒಲವು ಮೂರನೆಯದಕ್ಕೆ.

ಹಳಗನ್ನಡದಲ್ಲಿ ಇದು ‘ಪಿಡಿ’. ಪಕಾರ ಹಕಾರವಾದಾಗ ‘ಪಾಲ್’ ‘ಹಾಲಾ’ದಂತೆ ಇದೂ ‘ಹಿಡಿ’ಯಾಯಿತು. ಆದರೆ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಂಥ ಊರಲ್ಲಿ ಹಳೆಯ ರೂಪದ ನಂಟರು ಇನ್ನೂ ಕಿವಿಗೆ ಬೀಳುತ್ತಾರೆ. ಆಂಧ್ರದ ಗಡಿ ಹತ್ತಿರ, ವೇದಾವತಿ ನದಿ ಹರಿದುಹೋಗುವುದೂ ಅತ್ತಲೇ. ತೆಲುಗಿನಲ್ಲಿ ಮುಷ್ಟಿಗೆ ‘ಪಿಡಿಕಿಲಿ’, ಒಂದು ಹಿಡಿಯಷ್ಟಕ್ಕೆ ‘ಪಿಡಿಕೆಡು’. ತಮಿಳರು ಇಂದಿಗೂ ‘ಪಡಂ ಪಿಡಿ’ ಎನ್ನುತ್ತಾರೆ, ಚಿತ್ರ ಹಿಡಿ ಎಂದೇ.

ಈ ಸೀಮೆಯ ಬದುಕಿನಲ್ಲಿ ಆ ಪದ ಇಲ್ಲದ ಜಾಗವಿಲ್ಲ. ಒಂದು ಹಿಡಿ ಶೇಂಗಾ, ಕುಡುಗೋಲಿನ ಹಿಡಿ, ನಲ್ಲಿ ಬಂದಾಗ ನೀರು ಹಿಡಿಯುವುದು, ಮಂದೆಯಲ್ಲಿ ಮರಿ ಹಿಡಿಯುವುದು. ಮಳೆಯೂ ಹಿಡಿಯುತ್ತದೆ, ಅಪರೂಪಕ್ಕೆ. ಮನಸ್ಸಿಗೆ ಒಪ್ಪಿದ್ದು ‘ಹಿಡಿಸಿತು’.

ಕ್ಯಾಮೆರಾ ತಾನೇ ಫೋಕಸ್ ಹಿಡಿಯಲು ಕಲಿತದ್ದು ಈಚೆಗೆ. 1977ರಲ್ಲಿ ಬಂದ ಜಪಾನಿನ ಕೊನಿಕಾ ಸಿ35 ಎಎಫ್ ಆ ಬಗೆಯ ಮೊದಲ ಜನಬಳಕೆಯ ಕ್ಯಾಮೆರಾ; ಅದರೊಳಗಿದ್ದದ್ದು ರೀಲು. ಸಾದಾ ಡಿಜಿಟಲ್ ಕ್ಯಾಮೆರಾ ಈ ಕೆಲಸಕ್ಕೆ ಬೇರೆ ದಾರಿ ಹಿಡಿಯಿತು. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಒಳಗಿನ ಮಸೂರ ಹಿಂದೆ ಮುಂದೆ ಸರಿಯುತ್ತದೆ. ಕಪ್ಪು-ಬಿಳುಪಿನ ಅಂಚು ಎಲ್ಲಿ ಅತ್ಯಂತ ಚೂಪಾಗಿ ಕಾಣುತ್ತದೋ ಅಲ್ಲಿ ನಿಲ್ಲುತ್ತದೆ. ಆಗ ಪರದೆಯ ಮೇಲಿನ ಚೌಕ ಹಸಿರಾಗುತ್ತದೆ, ಬಹಳಷ್ಟು ಮಾದರಿಗಳಲ್ಲಿ ಬೀಪ್ ಸದ್ದೂ ಬರುತ್ತದೆ. ಬೆರಳೆತ್ತದೆ ಪೂರ್ತಿ ಒತ್ತಿದರೆ ಚಿತ್ರ. ಒಂದೇ ಏಟಿಗೆ ಗುಂಡಿ ಅದುಮುವುದು ‘ಹೊಡೆಯುವುದು’. ಮಸುಕು ಚಿತ್ರಗಳಲ್ಲಿ ಎಷ್ಟೋ ಹುಟ್ಟುವುದು ಅದರಿಂದಲೇ.

ಚಳ್ಳಕೆರೆ ಸೀಮೆಗೆ ಹೆಸರು ತಂದದ್ದೇ ಈ ಕ್ಯಾಮೆರಾಕ್ಕೆ ಕಷ್ಟ: ಕರಿ ಕುರಿ, ಕರಿ ಕಂಬಳಿ. ಬರೀ ಕಪ್ಪಿನಲ್ಲಿ ಅಂಚು ಸಿಗದೆ ಮಸೂರ ತಡಕಾಡುತ್ತದೆ, ಚೌಕ ಹಸಿರಾಗುವುದೇ ಇಲ್ಲ. ಕಂಬಳಿಯಾದರೆ ಅಂಚಿನ ಬಿಳಿ ಪಟ್ಟೆಯ ಮೇಲೆ ಚೌಕವಿಟ್ಟು ಅರ್ಧ ಒತ್ತಿ. ಹಿಡಿದ ಬೆರಳನ್ನು ಸಡಿಲಿಸದೆ, ದೂರವನ್ನೂ ಬದಲಿಸದೆ, ಕ್ಯಾಮೆರಾ ತಿರುಗಿಸಿ ಬೇಕಾದ ಚೌಕಟ್ಟು ಕಟ್ಟಿಕೊಳ್ಳಿ. ಕುರಿಯಾದರೆ ಕಣ್ಣಿಗೆ ಗುರಿಯಿಡಿ, ಅಲ್ಲಿನ ಹೊಳಪನ್ನು ಕ್ಯಾಮೆರಾ ಹಿಡಿಯುತ್ತದೆ. ಇನ್ನೊಂದು ಮಾತು: ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ಬೆಳಕು ಸಾಲದೆಂದು ಬಗೆದು ಕ್ಯಾಮೆರಾ ಚಿತ್ರವನ್ನು ಬೆಳಗಿಸಿಬಿಡುತ್ತದೆ, ಕರಿ ಕಂಬಳಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಹೆಚ್ಚು-ಕಡಿಮೆ ಮಾಡುವ ಪ್ಲಸ್-ಮೈನಸ್ ಗುರುತನ್ನು ತುಸು ಮೈನಸ್ ಕಡೆಗಿಟ್ಟರೆ ನೇಯ್ದವರು ಕಂಡ ಕಪ್ಪು ಬರುತ್ತದೆ. ಈ ಕಪ್ಪು ಸರಿಯಾಗಿ ಬರಬೇಕೆಂಬುದು ನನಗೆ ಸಣ್ಣ ವಿಷಯವಲ್ಲ.

ಪತ್ರಿಕೆಗಳು ‘ಸೆರೆಹಿಡಿದ ದೃಶ್ಯ’ ಎಂದು ಬರೆಯುತ್ತವೆ. 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ 89 ವರ್ಷಗಳ ಬಳಿಕ ಕೋಡಿ ಬಿದ್ದಾಗ ಆ ನೀರನ್ನು ‘ಸೆರೆಹಿಡಿದ’ ಫೋನುಗಳಿಗೆ ಲೆಕ್ಕವಿರಲಿಲ್ಲ. ಸೆರೆ ಎಂದರೆ ಬಂಧನ. ಕೋಡಿಯ ನೀರು ವೇದಾವತಿಗೆ ಇಳಿದು ತನ್ನ ಪಾಡಿಗೆ ಹೋಯಿತು; ಫೋಟೊಕ್ಕೆ ನಿಂತ ಕುರಿಯೂ ಮರುಕ್ಷಣ ಮಂದೆ ಸೇರುತ್ತದೆ. ಸೆರೆ ಸಿಕ್ಕಿದ್ದು ಯಾವುದೂ ಇಲ್ಲ. ವರದಿ ಬರೆಯುವ ಗೆಳೆಯರು ಆ ‘ಸೆರೆ’ಯನ್ನು ಬಿಟ್ಟು ‘ಹಿಡಿ’ಯೊಂದನ್ನೇ ಉಳಿಸಿಕೊಳ್ಳಲಿ.